ಹಿನ್ನೆಲೆ ಕಂಪನದ ಸಾಕ್ಷ್ಯ ಮತ್ತು ಎರೆನಾಡಿನ ನೆಲ: ಒಂದು ವಿಮರ್ಶೆ

೧

ಭೂಮಿಯ ಮೇಲ್ಮೈ ಒಂದು ಕ್ಷಣವಾದರೂ ನಿಶ್ಚಲವಾಗಿರುವುದಿಲ್ಲ. ದೂರದ ಕಡಲಿನ ತೆರೆ, ಗಾಳಿಗೆ ತೂಗುವ ಮರ, ಹೆದ್ದಾರಿಯ ಲಾರಿ, ಊರೊಳಗಣ ಹಿಟ್ಟಿನ ಗಿರಣಿ, ಹೊಲದ ಪಂಪು ಇವೆಲ್ಲವೂ ನೆಲವನ್ನು ಹಗಲಿರುಳು ನಡುಗಿಸುತ್ತಲೇ ಇರುತ್ತವೆ. ಈ ನಡುಕದ ಪ್ರಮಾಣ ಅತ್ಯಲ್ಪ; ಅದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಮನುಷ್ಯನ ಇಂದ್ರಿಯಗಳಿಗೆ ಇದು ನಿಲುಕುವುದಿಲ್ಲ. ಭೂಕಂಪವಿಜ್ಞಾನಿಗಳು ಬಹುಕಾಲದವರೆಗೆ ಇದನ್ನು ಕೇವಲ ಗದ್ದಲವೆಂದು ಎಣಿಸಿ, ಇದರ ನಡುವೆ ಅಡಗಿಹೋಗುವ ನಿಜವಾದ ಭೂಕಂಪದ ಅಲೆಯನ್ನು ಹೆಕ್ಕಿ ತೆಗೆಯುವುದು ಹೇಗೆಂಬುದನ್ನೇ ಚಿಂತಿಸುತ್ತಿದ್ದರು. ಕಳೆದ ಆರೇಳು ದಶಕಗಳಲ್ಲಿ ಈ ದೃಷ್ಟಿ ತಿರುವುಮುರುವಾಗಿದೆ. ಗದ್ದಲವೇ ಇಂದು ಸಾಕ್ಷಿಯಾಗಿದೆ. ಕಟ್ಟಡದ ಗುಣವನ್ನೂ ನೆಲದಡಿಯ ಪದರಗಳ ರಚನೆಯನ್ನೂ ಈ ಹಿನ್ನೆಲೆ ಕಂಪನದಿಂದಲೇ ತಿಳಿಯಬಹುದೆಂಬ ಮತ ಬಲವಾಗಿ ನೆಲೆಗೊಂಡಿದೆ.

ಸಾಕ್ಷಿಯೊಬ್ಬನು ದೊರೆತನೆಂದ ಮಾತ್ರಕ್ಕೆ ಅವನು ಹೇಳುವುದೆಲ್ಲವೂ ಪ್ರಮಾಣವಾಗಲಾರದು. ಅವನು ಏನನ್ನು ಕಂಡಿದ್ದಾನೆ, ಏನನ್ನು ಕಂಡಿಲ್ಲ, ಯಾವ ಪ್ರಶ್ನೆಗೆ ಅವನ ಉತ್ತರ ನಂಬಲರ್ಹ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಈ ಲೇಖನದ ಉದ್ದೇಶ ಇಷ್ಟೇ: ಹಿನ್ನೆಲೆ ಕಂಪನದ ವಿಧಾನಗಳ ಮೂಲ ಗ್ರಹಿಕೆಗಳನ್ನು ಪರಿಶೀಲಿಸಿ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲಕ್ಕೆ, ಅದರಲ್ಲಿಯೂ ಚೌಡಾಪುರದ ಸುತ್ತಲ ಎರೆಸೀಮೆಗೆ, ಅವು ಎಷ್ಟರ ಮಟ್ಟಿಗೆ ಸಲ್ಲುತ್ತವೆಂಬುದನ್ನು ನಿರ್ಣಯಿಸುವುದು. ಪ್ರಶ್ನೆ ಕೇವಲ ಶಾಸ್ತ್ರದ್ದಲ್ಲ. ಈ ಸೀಮೆಯಿಂದ ಸುಮಾರು ನೂರು ಕಿಲೋಮೀಟರು ಉತ್ತರಕ್ಕಿರುವ ಕಿಲ್ಲಾರಿಯಲ್ಲಿ ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ನೆಲ ನಡುಗಿದಾಗ ಎಂಟರಿಂದ ಹತ್ತು ಸಾವಿರ ಜನ ಮಡಿದರು. ಅಲ್ಲಿಯ ನೆಲವೂ ಅಲ್ಲಿಯ ಮನೆಗಳೂ ನಮ್ಮ ನೆಲವನ್ನೂ ನಮ್ಮ ಮನೆಗಳನ್ನೂ ಬಹುಮಟ್ಟಿಗೆ ಹೋಲುತ್ತವೆ.

೨

ವಿಧಾನದ ಇತಿಹಾಸವನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯ. ಏಕೆಂದರೆ ಅದರ ಬಲವೂ ಮಿತಿಯೂ ಅದು ಹುಟ್ಟಿದ ಪರಿಯಲ್ಲಿಯೇ ಇವೆ.

೧೮೭೦ರ ದಶಕದಲ್ಲಿ ಇಟಲಿಯ ಪಾದ್ರಿ ಟಿಮೋಟಿಯೋ ಬೆರ್ಟೆಲ್ಲಿ ತೂಗುಗುಂಡುಗಳನ್ನು ಎಡೆಬಿಡದೆ ವೀಕ್ಷಿಸಿ, ಭೂಕಂಪವಿಲ್ಲದ ದಿನಗಳಲ್ಲಿಯೂ ಅವು ಸೂಕ್ಷ್ಮವಾಗಿ ಅಲುಗುವುದನ್ನು ದಾಖಲಿಸಿದನು. ಈ ಅಲುಗಾಟದಲ್ಲಿ ಐದರಿಂದ ಎಂಟು ಸೆಕೆಂಡುಗಳ ಆವರ್ತಕಾಲವುಳ್ಳ ಭಾಗ ಕಡಲಿನಿಂದ ಬರುತ್ತದೆಂಬುದೂ, ಇದಿರುಬದಿರಾಗಿ ಸಾಗುವ ತೆರೆಗಳು ಕೂಡಿದಾಗ ಕಡಲತಳದ ಮೇಲೆ ತೆರೆಯ ಅರ್ಧ ಆವರ್ತಕಾಲದಲ್ಲಿ ಒತ್ತಡ ಬೀಳುತ್ತದೆಂಬುದೂ ೧೯೫೦ರಲ್ಲಿ ಲಾಂಗೆಟ್-ಹಿಗಿನ್ಸ್ ನೀಡಿದ ವಿವರಣೆಯಿಂದ ಸ್ಪಷ್ಟವಾಯಿತು. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಆಗುವ ಚುರುಕಾದ ನಡುಕವಾದರೋ ಬಹುಪಾಲು ಮನುಷ್ಯನದೇ. ೨೦೨೦ರಲ್ಲಿ ಜಗತ್ತಿನ ಅನೇಕ ದೇಶಗಳು ಸಾಂಕ್ರಾಮಿಕದ ಕಾರಣ ಮನೆಬಾಗಿಲು ಮುಚ್ಚಿಕೊಂಡಾಗ, ಈ ಚುರುಕು ನಡುಕ ಕೆಲವು ಕೇಂದ್ರಗಳಲ್ಲಿ ಅರ್ಧದಷ್ಟು ಇಳಿದುದನ್ನು ಭೂಕಂಪಮಾಪಕಗಳು ತೋರಿಸಿದವು. ಈ ಭೇದವನ್ನು ಮೊದಲಿನಿಂದಲೂ ಮನದಲ್ಲಿಟ್ಟುಕೊಳ್ಳಬೇಕು. ಕಡಲಿನ ನಿಧಾನ ನಡುಕ ಬೇರೆ, ಊರಿನ ಚುರುಕು ನಡುಕ ಬೇರೆ. ಒಂದು ಆಳವನ್ನು ಹೇಳುತ್ತದೆ, ಇನ್ನೊಂದು ಮೇಲ್ಪದರವನ್ನು.

ಜಪಾನಿನಲ್ಲಿ ಕಿಯೋಶಿ ಕಾನಾಯಿ ೧೯೫೦ರ ದಶಕದಿಂದ ಊರಿನ ಸೂಕ್ಷ್ಮಕಂಪನವನ್ನು ನೆಲದ ಗುಣದೊಡನೆ ಹೊಂದಿಸಿ ನೋಡಿದನು. ಕೇಯಿಟಿ ಅಕಿ ೧೯೫೭ರಲ್ಲಿ, ಒಂದಕ್ಕಿಂತ ಹೆಚ್ಚು ಮಾಪಕಗಳ ದಾಖಲೆಗಳನ್ನು ಪರಸ್ಪರ ಹೋಲಿಸಿ, ದಿಕ್ಕು ತೆಗೆಯದ ಗದ್ದಲದಿಂದಲೂ ಅಲೆಯ ವೇಗವನ್ನು ಕಂಡುಹಿಡಿಯಬಹುದೆಂದು ಗಣಿತದಿಂದ ತೋರಿಸಿದನು. ೧೯೬೮ರಲ್ಲಿ ಅಮೆರಿಕದ ಕ್ಲೇರ್‌ಬೌಟ್ ಇದೇ ದಿಕ್ಕಿನಲ್ಲಿ ಮತ್ತೊಂದು ಹೆಜ್ಜೆಯಿಟ್ಟನು. ೧೯೮೯ರಲ್ಲಿ ಜಪಾನಿನ ರೈಲ್ವೆ ಸಂಶೋಧನಾ ಸಂಸ್ಥೆಯ ಯುಟಾಕಾ ನಕಾಮುರಾ, ೧೯೭೧ರಲ್ಲಿ ನೊಗೋಶಿ ಮತ್ತು ಇಗರಾಶಿ ಸೂಚಿಸಿದ್ದ ಮಾರ್ಗವನ್ನು ವಿಸ್ತರಿಸಿ, ಒಂದೇ ಮಾಪಕದಿಂದ ನೆಲವನ್ನು ಓದುವ ವಿಧಾನವನ್ನು ಪ್ರಚುರಪಡಿಸಿದನು. ನೆಲದ ಅಡ್ಡ ಚಲನೆಯನ್ನು ಅದರ ಲಂಬ ಚಲನೆಯಿಂದ ಭಾಗಿಸಿದರೆ, ದೊರೆಯುವ ಗೆರೆ ಯಾವ ಆವರ್ತಾಂಕದಲ್ಲಿ ಶಿಖರ ತೋರುತ್ತದೆಯೋ ಅದೇ ನೆಲದ ಸ್ವಂತ ಆವರ್ತಾಂಕವೆಂಬುದು ಇದರ ಸಾರ. ೨೦೦೩ರಿಂದೀಚೆಗೆ ಕ್ಯಾಂಪಿಯೊ ಮತ್ತು ಅವನ ಸಹೋದ್ಯೋಗಿಗಳು ದೂರದ ಎರಡು ಕೇಂದ್ರಗಳ ದೀರ್ಘ ದಾಖಲೆಗಳನ್ನು ತಾಳೆನೋಡಿ, ಒಂದು ಕೇಂದ್ರದಲ್ಲಿ ಪೆಟ್ಟು ಹೊಡೆದಿದ್ದರೆ ಇನ್ನೊಂದಕ್ಕೆ ತಲಪುತ್ತಿದ್ದ ಅಲೆಯನ್ನೇ ಪುನಃ ಕಟ್ಟಿಕೊಳ್ಳಬಹುದೆಂದು ತೋರಿಸಿದರು.

ಈ ತಿರುವನ್ನು ಕನ್ನಡನಾಡಿನ ಒಂದು ಉದಾಹರಣೆಯಿಂದಲೇ ಅಳೆಯಬಹುದು. ೧೯೬೫ರಲ್ಲಿ ಗೌರಿಬಿದನೂರಿನಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಭಾರತದ ಅಣುಶಕ್ತಿ ಇಲಾಖೆ ಭೂಕಂಪಮಾಪಕಗಳ ಒಂದು ಜಾಲವನ್ನು ಹಾಸಿತು. ಎರಡು ತೋಳುಗಳಲ್ಲಿ, ತೋಳಿಗೆ ಹತ್ತರಂತೆ, ಇಪ್ಪತ್ತು ಮಾಪಕಗಳು; ನಡುವಣ ಅಂತರ ಸುಮಾರು ಎರಡೂವರೆ ಕಿಲೋಮೀಟರು. ದೂರದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟದ ಕ್ಷೀಣ ಅಲೆಯನ್ನು ಹಿಡಿಯುವುದು ಅದರ ಕೆಲಸ. ಗಟ್ಟಿ ಶಿಲೆ, ಕಡಿಮೆ ಗದ್ದಲ, ಇವೇ ಇಂಥ ಸ್ಥಳಕ್ಕೆ ಬೇಕಾದ ಗುಣಗಳು. ಇಪ್ಪತ್ತು ದಾಖಲೆಗಳನ್ನು ತಕ್ಕ ಕಾಲವ್ಯತ್ಯಾಸದಿಂದ ಕೂಡಿಸಿದಾಗ ಬೇಕಾದ ಅಲೆ ಬೆಳೆಯುತ್ತದೆ, ಗದ್ದಲ ತನ್ನಷ್ಟಕ್ಕೆ ತಾನೇ ಕುಗ್ಗುತ್ತದೆ. ಅಲ್ಲಿ ಕಸವೆಂದು ಗುಡಿಸಿದುದನ್ನೇ ಇಂದು ನಾವು ಕಾಳೆಂದು ಆರಿಸುತ್ತಿದ್ದೇವೆ. ಹೀಗಿರುವುದರಿಂದ, ಯಾವುದು ಗದ್ದಲ ಯಾವುದು ಸಂಕೇತ ಎಂಬುದು ಕಂಪನದ ಗುಣವಲ್ಲ, ಕೇಳುವ ಪ್ರಶ್ನೆಯ ಗುಣವೆಂದು ಮನಗಾಣಬೇಕು.

೩

ವಿಧಾನದ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳುವುದು ನ್ಯಾಯ. ನೆಲದಡಿಯನ್ನು ತಿಳಿಯುವ ಬೇರೆ ಮಾರ್ಗಗಳಿಗೆ ಕೊಳವೆ ಕೊರೆಯಬೇಕು, ಸಿಡಿಮದ್ದು ಸಿಡಿಸಬೇಕು, ಇಲ್ಲವೆ ಭಾರವಾದ ಸುತ್ತಿಗೆಯಿಂದ ನೆಲವನ್ನು ಬಡಿಯಬೇಕು. ಹಿನ್ನೆಲೆ ಕಂಪನಕ್ಕೆ ಇವೊಂದೂ ಬೇಡ. ಮಾಪಕವೊಂದನ್ನು ಸಮತಟ್ಟಾಗಿ ಇಟ್ಟು ಅರ್ಧ ಗಂಟೆ ಕಾದರೆ ಸಾಕು. ಕಲಬುರಗಿಯ ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯಂತಹ, ವಿಜಯಪುರದ ಗೋಲಗುಮ್ಮಟದಂತಹ ಸ್ಮಾರಕಗಳಲ್ಲಿ ಒಂದು ಕಲ್ಲನ್ನೂ ಕೆದಕದೆ ಅಳತೆ ಮಾಡಬಹುದಾದ ಕೆಲವೇ ವಿಧಾನಗಳಲ್ಲಿ ಇದೂ ಒಂದು.

ಮೆದುವಾದ ಪದರವೊಂದು ಗಟ್ಟಿ ಶಿಲೆಯ ಮೇಲೆ ಹಾಸಿಕೊಂಡಿರುವಲ್ಲಿ ಇದರ ಸಾಕ್ಷ್ಯ ಬಲವಾದುದು. ಇದಕ್ಕೆ ಪ್ರಸಿದ್ಧವಾದ ನಿದರ್ಶನ ಮೆಕ್ಸಿಕೋ ನಗರ. ೧೯೮೫ರ ಸೆಪ್ಟೆಂಬರ್ ೧೯ರಂದು ಮುನ್ನೂರೈವತ್ತು ಕಿಲೋಮೀಟರಿಗೂ ದೂರದಲ್ಲಿ ಹುಟ್ಟಿದ ಭೂಕಂಪ, ಹಳೆಯ ಕೆರೆಯ ಜೇಡಿನ ಮೇಲೆ ನಿಂತ ನಗರಭಾಗವನ್ನು ಸುಮಾರು ಎರಡು ಸೆಕೆಂಡುಗಳ ಆವರ್ತಕಾಲದಲ್ಲಿ ತೂಗಿ, ಆ ತೂಗಾಟಕ್ಕೆ ಹೊಂದುವ ಎತ್ತರದ ಕಟ್ಟಡಗಳನ್ನು ಕೆಡವಿತು. ಅಂತಹ ಜೇಡಿನ ಸ್ವಂತ ಆವರ್ತಕಾಲವನ್ನು ಹಿನ್ನೆಲೆ ಕಂಪನ ನಿಸ್ಸಂದಿಗ್ಧವಾಗಿ ತೋರಿಸುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಎದ್ದಿವೆ. ಗಟ್ಟಿ ನೈಸ್ ಶಿಲೆಯ ಮೇಲೆ ಮಣ್ಣು, ಹೂಳು ಕೂಡಿಕೊಂಡಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಮಾರು ೨೨೦ ಚದರ ಕಿಲೋಮೀಟರಿನ ನಗರಪ್ರದೇಶವನ್ನು ಸೂಕ್ಷ್ಮವಾಗಿ ವಿಂಗಡಿಸುವಾಗ ಸೂಕ್ಷ್ಮಕಂಪನದ ಅಳತೆಯನ್ನು ಏಕಾಕಿಯಾಗಿ ನಂಬಲಿಲ್ಲ. ಕೊಳವೆ ಕೊರೆದ ವಿವರಗಳನ್ನೂ ಸುತ್ತಿಗೆಯ ಪೆಟ್ಟಿನಿಂದ ಪಡೆದ ಅಲೆವೇಗವನ್ನೂ ಜೊತೆಗಿಟ್ಟುಕೊಂಡರು. ಈ ಎಚ್ಚರವೇ ಅನುಕರಣೀಯವಾದುದು.

ಆದರೆ ಬೆಂಗಳೂರಿಗೆ ಅಥವಾ ಮೆಕ್ಸಿಕೋಗೆ ಸಲ್ಲುವ ವಾದವನ್ನು ಹಾಗೆಯೇ ಎತ್ತಿಕೊಂಡು ಬಂದು ಚೌಡಾಪುರದಲ್ಲಿ ನೆಡಲಾಗದು. ನೆಲ ಬೇರೆ.

೪

ಚೌಡಾಪುರವು ಅಫಜಲಪುರ ತಾಲ್ಲೂಕಿನ ಎರೆಭೂಮಿಯಲ್ಲಿದೆ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯ ಲಾರಿಗಳು, ಕಬ್ಬಿನ ಕಾಲದಲ್ಲಿ ಸಾಲುಗಟ್ಟುವ ಟ್ರ್ಯಾಕ್ಟರುಗಳು, ಹುಣ್ಣಿಮೆಗೆ ಭೀಮಾ ಅಮರಜಾ ಸಂಗಮದ ದೇವಲ ಗಾಣಗಾಪುರಕ್ಕೆ ಸಾಗುವ ಯಾತ್ರಿಕರ ಬಸ್ಸುಗಳು, ಸೊಲ್ಲಾಪುರದಿಂದ ಕಲಬುರಗಿಗೆ ಬರುವ ರೈಲುಮಾರ್ಗ, ಹೊಲಹೊಲದ ಪಂಪುಗಳು ಇಲ್ಲಿಯ ಚುರುಕು ನಡುಕದ ಮೂಲಗಳು. ಆಕರಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಅರ್ಥೈಸುವಲ್ಲಿ.

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ಬಹುಭಾಗ ದಖ್ಖನ್ನಿನ ಲಾವಾ ಶಿಲೆಯದು. ದಕ್ಷಿಣಕ್ಕೆ ಬಂದಂತೆ ಈ ಹೊದಿಕೆ ತೆಳುವಾಗುತ್ತ, ಜೇವರ್ಗಿಯ ಕಡೆಗೆ ಭೀಮಾ ಸಮೂಹದ ಸುಣ್ಣಕಲ್ಲೂ ಅದಕ್ಕಿಂತ ಹಳೆಯ ಗ್ರಾನೈಟ್ ನೈಸ್ ಶಿಲೆಯೂ ಕಾಣಿಸಿಕೊಳ್ಳುತ್ತವೆ. ಲಾವಾ ಶಿಲೆ ಒಂದೇ ಮುದ್ದೆಯಲ್ಲ. ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಹರಿವುಗಳ ಅಟ್ಟಣೆ ಅದು. ಪ್ರತಿ ಹರಿವಿನ ನಡುಭಾಗ ಗಟ್ಟಿ ಕರಿಕಲ್ಲು. ಮೇಲ್ಭಾಗ ಗುಳ್ಳೆಗಳಿಂದ ತುಂಬಿ ಸಡಿಲವಾದುದು. ಎರಡು ಹರಿವುಗಳ ನಡುವೆ ಹಲವೆಡೆ ಕೆಂಪು ಜೇಡಿನ ತೆಳುಪದರ. ಇವೆಲ್ಲಕ್ಕೂ ಮೇಲೆ ಗರಸು, ಅದರ ಮೇಲೆ ಕಪ್ಪು ಎರೆಮಣ್ಣು.

ಮೊದಲು ಮೇಲಿನ ಎರೆಮಣ್ಣನ್ನೇ ತೆಗೆದುಕೊಳ್ಳೋಣ. ಮೆದು ಪದರದ ಸ್ವಂತ ಆವರ್ತಾಂಕವನ್ನು ತಿಳಿಯಲು, ಅದರಲ್ಲಿ ಅಡ್ಡ ಅಲೆ ಸಾಗುವ ವೇಗವನ್ನು ಪದರದ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸುವುದು ಎಲ್ಲರೂ ಬಲ್ಲ ಸೂತ್ರ. ಉದಾಹರಣೆಗಾಗಿ ವೇಗ ಸೆಕೆಂಡಿಗೆ ೨೦೦ ಮೀಟರು, ದಪ್ಪ ೫ ಮೀಟರು ಎಂದಿಟ್ಟುಕೊಂಡರೆ ಉತ್ತರ ೧೦ ಹರ್ಟ್ಸ್. ವೇಗ ೧೨೦ ಮೀಟರು, ದಪ್ಪ ೩ ಮೀಟರು ಎಂದಿಟ್ಟುಕೊಂಡರೂ ಉತ್ತರ ಅದೇ ೧೦ ಹರ್ಟ್ಸ್. ಎರಡು ಭಿನ್ನ ನೆಲಗಳು, ಒಂದೇ ಶಿಖರ. ಆದುದರಿಂದ ಶಿಖರವೊಂದನ್ನೇ ಕಂಡು ಆಳವನ್ನು ಹೇಳುವವನು, ತಾನು ಊಹಿಸಿದ ವೇಗವನ್ನೇ ಆಳವೆಂದು ಮರಳಿ ಹೇಳುತ್ತಿರುತ್ತಾನೆ. ಈ ತೊಡಕಿಗೆ ಪರಿಹಾರ ದೂರವಿಲ್ಲ. ಸಮೀಪದ ಕೊಳವೆ ಬಾವಿಯನ್ನು ಕೊರೆದಾಗ ಮಣ್ಣು ಎಷ್ಟು ಅಡಿಗೆ ಮುಗಿಯಿತು, ಕಲ್ಲು ಎಷ್ಟಕ್ಕೆ ಹತ್ತಿತು ಎಂಬ ವಿವರವೊಂದು ದೊರೆತರೆ ಎರಡು ಅಜ್ಞಾತಗಳಲ್ಲಿ ಒಂದು ಕಳೆಯುತ್ತದೆ.

ಎರೆಮಣ್ಣಿಗೆ ಇನ್ನೊಂದು ಗುಣವುಂಟು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಮೆತ್ತಗಾಗುವ ಇದು ಬೇಸಗೆಯಲ್ಲಿ ಗಟ್ಟಿಯಾಗಿ ಆಳವಾಗಿ ಬಿರಿಯುತ್ತದೆ. ದಪ್ಪ ಬದಲಾಗದಿದ್ದರೂ ಅಲೆಯ ವೇಗ ಬದಲಾಗುತ್ತದೆ. ವೈಶಾಖದಲ್ಲಿ ಪಡೆದ ಶಿಖರವೂ ಭಾದ್ರಪದದಲ್ಲಿ ಪಡೆದ ಶಿಖರವೂ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಕಾಲವನ್ನು ನಮೂದಿಸದ ಅಳತೆಗೆ ಈ ನೆಲದಲ್ಲಿ ಅರ್ಧ ಬೆಲೆ ಮಾತ್ರ.

ಇನ್ನು ಶಿಖರದ ಎತ್ತರ. ನಕಾಮುರಾನ ಮತದಲ್ಲಿ ಈ ಎತ್ತರವು, ಭೂಕಂಪದ ಕಾಲದಲ್ಲಿ ನೆಲವು ಅಲುಗಾಟವನ್ನು ಎಷ್ಟು ಪಟ್ಟು ಹೆಚ್ಚಿಸೀತೆಂಬುದನ್ನೂ ಸೂಚಿಸುತ್ತದೆ. ಆದರೆ ಹಿನ್ನೆಲೆ ಕಂಪನದಲ್ಲಿ ಮೇಲ್ಮೈ ಅಲೆಗಳೂ ಆಳದಿಂದ ಏರುವ ಅಲೆಗಳೂ ಬೆರೆತಿರುತ್ತವೆ. ಯಾವುದು ಎಷ್ಟೆಂಬುದು ಸ್ಥಳದಿಂದ ಸ್ಥಳಕ್ಕೆ ಬೇರೆ. ನಿಜವಾದ ಭೂಕಂಪದ ದಾಖಲೆಗಳೊಡನೆ ಹೋಲಿಸಿ ನೋಡಿದವರು ಪುನಃ ಪುನಃ ಕಂಡುದು, ಶಿಖರದ ಆವರ್ತಾಂಕ ಸರಿಯಾಗಿ ತಾಳೆಯಾಗುತ್ತದೆ, ಎತ್ತರ ತಾಳೆಯಾಗುವುದಿಲ್ಲ ಎಂಬುದನ್ನೇ. ಹೀಗಿದ್ದರೂ ಎತ್ತರವನ್ನೇ ಅಪಾಯದ ಅಳತೆಯೆಂದು ಬಣ್ಣ ಬಳಿದು ತೋರಿಸುವ ನಕ್ಷೆಗಳು ಅಲ್ಲಲ್ಲಿ ಹೊರಡುತ್ತಿರುವುದು ವಿಷಾದಕರ.

ಶಿಖರ ನಿಜವಾಗಿಯೂ ನೆಲದ್ದೇ ಎಂಬುದನ್ನೂ ಪರೀಕ್ಷಿಸಬೇಕು. ನಮ್ಮ ಹೊಲ ಊರುಗಳಲ್ಲಿ ವಿದ್ಯುತ್ ಮೋಟಾರುಗಳಿಗೆ ಕೊನೆಯಿಲ್ಲ. ನಿಮಿಷಕ್ಕೆ ೧೪೪೦ ಸುತ್ತು ತಿರುಗುವ ಮೋಟಾರು ಸೆಕೆಂಡಿಗೆ ೨೪ ಬಾರಿ ನೆಲವನ್ನು ನಡುಗಿಸುತ್ತದೆ; ಪಟ್ಟಿ ಹಾಕಿ ಓಡಿಸುವ ಗಿರಣಿಯ ಚಕ್ರ ಇನ್ನೂ ನಿಧಾನವಾಗಿ ತಿರುಗಿ ಕೆಳಗಿನ ಆವರ್ತಾಂಕಗಳಲ್ಲಿ ಸುಳ್ಳು ಶಿಖರ ಎಬ್ಬಿಸಬಲ್ಲುದು. ಯಂತ್ರದ ಶಿಖರ ಸೂಜಿಯಂತೆ ಕಿರಿದಾಗಿರುತ್ತದೆ, ಮೂರು ದಿಕ್ಕಿನ ದಾಖಲೆಯಲ್ಲಿಯೂ ಒಂದೇ ಎಡೆಯಲ್ಲಿರುತ್ತದೆ, ವಿದ್ಯುತ್ತು ನಿಂತಾಗ ಮಾಯವಾಗುತ್ತದೆ. ನೆಲದ ಶಿಖರ ಅಗಲವಾದುದು, ವಿದ್ಯುತ್ತನ್ನು ಅವಲಂಬಿಸಿದುದಲ್ಲ. ವಿದ್ಯುತ್ತು ಕಡಿತವಾದ ಹೊತ್ತಿನಲ್ಲಿ ಒಮ್ಮೆ ಅಳೆಯುವುದು ನಮ್ಮ ವಿದ್ಯಾರ್ಥಿಗಳಿಗೆ ಖರ್ಚಿಲ್ಲದೆ ದೊರೆಯುವ ಪರೀಕ್ಷೆ. ಯುರೋಪಿನ ಸಂಶೋಧಕರು ಕೂಡಿ ೨೦೦೪ರಲ್ಲಿ ಪ್ರಕಟಿಸಿದ ನಿಯಮಾವಳಿಯು ಶಿಖರವೊಂದು ಸ್ವೀಕಾರಾರ್ಹವಾಗಲು ಅದರ ಎತ್ತರ ಎರಡಕ್ಕಿಂತ ಮಿಗಿಲಾಗಿರಬೇಕು, ದಾಖಲೆಯ ಪ್ರತಿ ತುಂಡಿನಲ್ಲಿ ಹತ್ತು ಆವರ್ತಗಳೂ ಒಟ್ಟಿನಲ್ಲಿ ಇನ್ನೂರು ಆವರ್ತಗಳೂ ಮೀರಿರಬೇಕು ಎಂಬಿತ್ಯಾದಿ ಷರತ್ತುಗಳನ್ನು ವಿಧಿಸಿದೆ. ಇವನ್ನು ಪೂರೈಸದ ಗೆರೆಯನ್ನು ಪ್ರಕಟಿಸದಿರುವುದೇ ಲೇಸು.

೫

ಇದಕ್ಕಿಂತ ಗಂಭೀರವಾದ ಪ್ರಶ್ನೆ ಶಿಖರವೇ ಕಾಣದಿರುವಲ್ಲಿ ಹುಟ್ಟುತ್ತದೆ. ಮರಡಿಯ ಮೇಲೆ, ಮಣ್ಣು ತೆಳುವಾಗಿ ಕರಿಕಲ್ಲು ತೇಲಿರುವಲ್ಲಿ, ಗೆರೆ ಚಪ್ಪಟೆಯಾಗಿ ಹೋಗಬಹುದು. ಚಪ್ಪಟೆ ಗೆರೆಯೆಂದರೆ ಗಟ್ಟಿ ನೆಲ, ಗಟ್ಟಿ ನೆಲವೆಂದರೆ ನಿರ್ಭಯ ಎಂದು ಓದುವ ರೂಢಿಯುಂಟು. ಲಾವಾ ಶಿಲೆಯ ನಾಡಿನಲ್ಲಿ ಈ ಓದು ಅಪಾಯಕರ. ಶಿಖರ ಏಳುವುದು ಕೆಳಗೆ ಗಟ್ಟಿ, ಮೇಲೆ ಮೆದು ಎಂಬ ಕ್ರಮವಿದ್ದಾಗ ಮಾತ್ರ. ಮೇಲೆ ಗಟ್ಟಿ ಕರಿಕಲ್ಲು, ಅದರ ಕೆಳಗೆ ಗುಳ್ಳೆಗಲ್ಲು ಅಥವಾ ಕೆಂಪು ಜೇಡು ಎಂಬ ವಿಪರ್ಯಾಸವಿದ್ದರೆ, ಗೆರೆ ವಿಶಾಲ ಭಾಗದಲ್ಲಿ ಒಂದಕ್ಕಿಂತಲೂ ಕೆಳಗಿಳಿಯಬಲ್ಲುದೇ ಹೊರತು ಮೆದುಪದರದ ಆಳವನ್ನು ಹೇಳಲಾರದು.

ಕಿಲ್ಲಾರಿಯ ಭೂಕಂಪದ ತರುವಾಯ ಅಲ್ಲಿ ಕೊರೆದ ೬೧೭ ಮೀಟರು ಆಳದ ಕೊಳವೆ ಈ ವಿಷಯಕ್ಕೆ ಉತ್ತಮ ಪಾಠ. ಮೇಲಿನ ೩೩೮ ಮೀಟರು ಲಾವಾ ಶಿಲೆ. ಅದರ ಕೆಳಗೆ ಸುಮಾರು ೮ ಮೀಟರು ಹಳೆಯ ಮಡ್ಡಿಶಿಲೆ. ಅದಕ್ಕೂ ಕೆಳಗೆ ಗ್ರಾನೈಟ್ ಜಾತಿಯ ಮೂಲಶಿಲೆ. ಲಾವಾ ಶಿಲೆ, ಮೂಲಶಿಲೆ ಎರಡೂ ಗಟ್ಟಿಯಾದವೇ. ಅವುಗಳಲ್ಲಿ ಅಲೆಯ ವೇಗಕ್ಕೆ ಅಂತಹ ದೊಡ್ಡ ಅಂತರವಿಲ್ಲ. ನಡುವಣ ೮ ಮೀಟರು ಅಷ್ಟು ಆಳದಲ್ಲಿ ತೀರ ಕಿರಿದು. ಒಂಟಿ ಮಾಪಕವನ್ನು ಮೇಲಿಟ್ಟು ಇಂತಹ ಸಂಧಿಯನ್ನು ಕಂಡುಹಿಡಿಯುವೆನೆನ್ನುವುದು ಸಾಧನದ ಶಕ್ತಿಯನ್ನು ಮೀರಿದ ಮಾತು. ಮೂಲಶಿಲೆಯಲ್ಲಿ ಅಡಗಿರುವ ಬಿರುಕು ಈ ಗೆರೆಗಳಿಗೆ ಇನ್ನೂ ದೂರ.

ಹಲವು ಮಾಪಕಗಳನ್ನು ಹೂಡಿ ದೀರ್ಘಕಾಲ ತಾಳೆನೋಡುವ ವಿಧಾನ ಇದಕ್ಕಿಂತ ಶಕ್ತವಾದುದು. ಅಲ್ಲಿಯೂ ಎರಡು ಎಚ್ಚರಗಳು ಬೇಕು. ಮೇಲ್ಮೈ ಅಲೆಯೊಂದು ತನ್ನ ಅಲೆಯುದ್ದದ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದವರೆಗಿನ ಆಳವನ್ನು ಅರಿಯುತ್ತದೆಂದು ಸ್ಥೂಲವಾಗಿ ಹೇಳಬಹುದು. ಐದು ಸೆಕೆಂಡುಗಳ ಆವರ್ತಕಾಲದ ಕಡಲ ಅಲೆ ಸೆಕೆಂಡಿಗೆ ೩ ಕಿಲೋಮೀಟರಿನಂತೆ ಸಾಗಿದರೆ ಅದರ ಉದ್ದ ೧೫ ಕಿಲೋಮೀಟರು. ಅದು ಕೆಲವು ಕಿಲೋಮೀಟರು ಆಳದ ಸಂಗತಿಯನ್ನು ಹೇಳೀತೇ ವಿನಾ ಮನೆಯ ತಳಪಾಯದ್ದನ್ನಲ್ಲ. ಹತ್ತು ಹರ್ಟ್ಸಿನ ಅಲೆ ಸೆಕೆಂಡಿಗೆ ೨೦೦ ಮೀಟರಿನಂತೆ ಸಾಗಿದರೆ ಅದರ ಉದ್ದ ೨೦ ಮೀಟರು. ಅದಕ್ಕೆ ತಳಪಾಯ ಗೊತ್ತು, ಬಿರುಕು ಗೊತ್ತಿಲ್ಲ. ಎರಡನೆಯದಾಗಿ, ತಾಳೆನೋಡುವ ಗಣಿತವು ಗದ್ದಲ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತದೆಂದು ಭಾವಿಸುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ನಾಲ್ಕು ನೂರು ಕಿಲೋಮೀಟರು ದೂರದ ಅರಬ್ಬೀ ಕಡಲು ಕೆರಳಿದಾಗ ಪಡುವಣ ದಿಕ್ಕೇ ಮೇಲುಗೈಯಾಗುತ್ತದೆ. ರೈಲುಮಾರ್ಗದ ಮಗ್ಗುಲಲ್ಲಿ ರೈಲಿನ ದಿಕ್ಕೇ ದಿಕ್ಕು. ಸಮತೆಯಿಲ್ಲದಲ್ಲಿ ಸಮತೆಯನ್ನು ಭಾವಿಸಿದರೆ ವೇಗದ ಲೆಕ್ಕ ಓರೆಯಾಗುತ್ತದೆ. ವರ್ಷಪೂರ್ತಿಯ ದಾಖಲೆಯೇ ಇದಕ್ಕೆ ಮದ್ದು. ಒಂದು ವಾರದ ಶಿಬಿರವಲ್ಲ.

೬

ಕಟ್ಟಡಗಳ ವಿಷಯಕ್ಕೆ ಬಂದರೆ, ಹಿನ್ನೆಲೆ ಕಂಪನದಿಂದ ಕಟ್ಟಡದ ಸ್ವಂತ ಆವರ್ತಾಂಕವನ್ನು ಅಳೆಯುವ ಕಾರ್ಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೩೦ರ ದಶಕದಲ್ಲಿಯೇ ಆರಂಭವಾಗಿತ್ತು. ಅಲ್ಲಿಯ ತಂತ್ರವಿದ್ಯಾ ಸಂಸ್ಥೆಯ ಮಿಲಿಕನ್ ಗ್ರಂಥಾಲಯದಷ್ಟು ಸೂಕ್ಷ್ಮವಾಗಿ ಅಳೆಯಲ್ಪಟ್ಟ ಕಟ್ಟಡಗಳು ವಿರಳ. ಪೂರ್ವ ಪಶ್ಚಿಮವಾಗಿ ಸೆಕೆಂಡಿಗೆ ಸುಮಾರು ೧.೪೫ ಬಾರಿ ತೂಗುತ್ತಿದ್ದ ಆ ಕಟ್ಟಡ ೧೯೭೧ರ ಫೆಬ್ರವರಿಯ ಸಾನ್ ಫರ್ನಾಂಡೋ ಭೂಕಂಪದ ಹೊತ್ತಿನಲ್ಲಿ ಸುಮಾರು ೧ಕ್ಕೆ ಇಳಿಯಿತು. ಭೂಕಂಪ ಕಳೆದ ಮೇಲೆ ಕೊಂಚ ಚೇತರಿಸಿತಾದರೂ ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಮಳೆ, ಬಿಸಿಲುಗಳಿಗೂ ಅದರ ಆವರ್ತಾಂಕ ಅಷ್ಟಿಷ್ಟು ಏರಿಳಿಯುತ್ತದೆ. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಹಿನ್ನೆಲೆ ಕಂಪನ ಹೇಳುವುದು ಮೆಲ್ಲನೆ ಅಲುಗುವಾಗಿನ ಕಟ್ಟಡದ ಗುಣವನ್ನು. ಜೋರಾಗಿ ಅಲುಗಿದಾಗ ಕಟ್ಟಡ ಬೇರೆಯೇ ವಸ್ತುವಾಗುತ್ತದೆ. ಹಾಗೆಯೇ, ಒಂದು ದಿನದ ಅಳತೆಗಿಂತ ಹಲವು ದಿನಗಳ ಅಳತೆಗಳ ನಡುವಣ ವ್ಯತ್ಯಾಸಕ್ಕೆ ಬೆಲೆ ಹೆಚ್ಚು.

ಮಿಲಿಕನ್ ಗ್ರಂಥಾಲಯ ಕಬ್ಬಿಣ ಮತ್ತು ಕಾಂಕ್ರೀಟಿನಿಂದ ಒಂದಾಗಿ ಬೆಸೆದ ಕಟ್ಟಡ. ನಮ್ಮ ಎರೆಸೀಮೆಯ ಹಳೆಯ ಮನೆ ಹಾಗಲ್ಲ. ಕಾಡುಗಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿದ ದಪ್ಪ ಗೋಡೆ; ಗೋಡೆಯ ಒಳಮೈ ಬೇರೆ, ಹೊರಮೈ ಬೇರೆ, ನಡುವೆ ಜಲ್ಲಿ ಮಣ್ಣು; ಮೇಲೆ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಭಾರವಾದ ಮಾಳಿಗೆ. ಮಾಳಿಗೆ ಗೋಡೆಗಳನ್ನು ಒಂದುಗೂಡಿಸಿ ಕಟ್ಟಿಹಾಕುವುದಿಲ್ಲ, ಕೇವಲ ಅವುಗಳ ಮೇಲೆ ಕುಳಿತಿರುತ್ತದೆ. ಇಂತಹ ಮನೆಗೆ ಒಂದೇ ಸ್ವಂತ ಆವರ್ತಾಂಕವೆಂಬುದೇ ಇಲ್ಲ. ಒಂದೊಂದು ಗೋಡೆಯೂ ತನ್ನ ಪಾಡಿಗೆ ತಾನು ಅಲುಗುತ್ತದೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದುದು ಬಹುಪಾಲು ಇಂತಹ ಗೋಡೆ ಮತ್ತು ಇಂತಹ ಮಾಳಿಗೆ. ಭೂಕಂಪದ ಪ್ರಮಾಣ ೬.೨, ಜಗತ್ತಿನ ದೃಷ್ಟಿಯಲ್ಲಿ ಅದು ಮಧ್ಯಮ ಗಾತ್ರದ್ದು. ಆದರೆ ಅದು ಹುಟ್ಟಿದ ಆಳ ಕೆಲವೇ ಕಿಲೋಮೀಟರು, ಹೊತ್ತು ಬೆಳಗಿನ ನಾಲ್ಕಕ್ಕೆ ಸಮೀಪ, ಜನ ನಿದ್ರೆಯಲ್ಲಿದ್ದರು.

ಇಂತಹ ಗೋಡೆಯ ಎರಡು ಮೈಗಳನ್ನು ಹಿಡಿದು ಬಂಧಿಸುವ ಅಡ್ಡಗಲ್ಲುಗಳಿವೆಯೇ, ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡಿವೆಯೇ, ಮಾಳಿಗೆಯ ಮೇಲೆ ವರ್ಷ ವರ್ಷ ಹೊಸ ಮಣ್ಣು ಹಾಕಿ ಭಾರ ಬೆಳೆದಿದೆಯೇ ಎಂಬುವು ಪ್ರಾಣದ ಪ್ರಶ್ನೆಗಳು. ಇವಕ್ಕೆ ಸೂಕ್ಷ್ಮಕಂಪನದಲ್ಲಿ ಉತ್ತರವಿಲ್ಲ. ಗೋಡೆಯ ಮುಂದೆ ನಿಂತು ನೋಡುವ ಅನುಭವಿ ಗವಂಡಿಯ ಕಣ್ಣಿನಲ್ಲಿದೆ. ನೆಲದ ಶಿಖರ ೭ ಅಥವಾ ೮ ಹರ್ಟ್ಸಿನಲ್ಲಿ ಬಂದು, ಒಂದಂತಸ್ತಿನ ಮನೆಯೂ ಅದೇ ನೆರೆಯಲ್ಲಿ ಅಲುಗುತ್ತಿದ್ದರೆ, ಅನುರಣನದ ಸಂಭವವುಂಟೆಂದು ಎಚ್ಚರಿಸುವುದು ಸರಿ. ಆದರೆ ಶಿಖರಗಳು ಹೊಂದಲಿಲ್ಲವೆಂದು ಕೆಸರುಗೋಡೆಯ ಮನೆಯವನಿಗೆ ಧೈರ್ಯ ಹೇಳುವುದು ಸರಿಯಲ್ಲ.

ವಿಧಾನ ತನ್ನ ಪೂರ್ಣ ಬೆಲೆಯನ್ನು ತೋರಬಲ್ಲ ಕಟ್ಟಡವೂ ನಮ್ಮಲ್ಲುಂಟು. ಭೀಮೆಯ ಸೇತುವೆಗಳು ಅಂತಹವು. ೨೦೨೦ರ ಅಕ್ಟೋಬರಿನ ಮಹಾಪೂರದಲ್ಲಿ ಈ ಕಣಿವೆಯ ಸೇತುವೆಗಳು ನೀರಿನಡಿ ಮುಳುಗಿದವು. ಪ್ರವಾಹವು ಕಂಬದ ಬುಡದ ಮಣ್ಣನ್ನು ಕೊರೆದು ಒಯ್ದರೆ ಮೇಲಿನಿಂದ ಏನೂ ಕಾಣುವುದಿಲ್ಲ. ಆದರೆ ಬುಡ ಬಿಟ್ಟ ಕಂಬ ಉದ್ದವಾದಂತಾಗಿ ಅದರ ತೂಗಾಟ ನಿಧಾನವಾಗುತ್ತದೆ. ಪ್ರವಾಹದ ಮುಂಚೆ ಒಂದು ಅಳತೆ, ಇಳಿದ ಮೇಲೆ ಒಂದು ಅಳತೆ ಇದ್ದರೆ ಈ ವ್ಯತ್ಯಾಸವನ್ನು ಹಿಡಿಯಬಹುದು. ಇಲ್ಲಿ ಪ್ರಶ್ನೆ ಬಲದ್ದಲ್ಲ, ಬದಲಾವಣೆಯದು. ಬದಲಾವಣೆಗೆ ಹಿನ್ನೆಲೆ ಕಂಪನ ನಂಬತಕ್ಕ ಸಾಕ್ಷಿ. ಮುಂಚಿನ ಅಳತೆಯಿಲ್ಲದೆ ಹೋದರೆ ಮಾತ್ರ ಆ ಸಾಕ್ಷಿಗೆ ಬಾಯಿಲ್ಲ. ಹೀಗೆಂದಮೇಲೆ ಸೇತುವೆ ಕಟ್ಟಿ ಮುಗಿದ ದಿನವೇ ಅದರ ಆವರ್ತಾಂಕವನ್ನು ಬರೆದಿಡುವುದು ಕರ್ತವ್ಯವಾಗಬೇಕು.

೭

ಕೊನೆಯದಾಗಿ ನಕ್ಷೆಯ ಮಾತು. ೧೯೯೩ಕ್ಕೆ ಮುಂಚಿನ ರಾಷ್ಟ್ರೀಯ ಭೂಕಂಪವಲಯ ನಕ್ಷೆಯಲ್ಲಿ ಕಿಲ್ಲಾರಿ ಅತ್ಯಲ್ಪ ಅಪಾಯದ ಒಂದನೆಯ ವಲಯದಲ್ಲಿತ್ತು. ೨೦೦೨ರ ಪರಿಷ್ಕರಣದಲ್ಲಿ ಒಂದನೆಯ ವಲಯವೆಂಬುದನ್ನೇ ತೆಗೆದುಹಾಕಲಾಯಿತು. ನಕ್ಷೆಯ ತಿಳಿಬಣ್ಣ ಜನರಿಗೆ ಕೊಟ್ಟ ಅಭಯ ಹುಸಿಯಾಗಿತ್ತು. ಭೂಕಂಪದ ತರುವಾಯ ಮಹಾರಾಷ್ಟ್ರದಲ್ಲಿ ಊರಿಗೆ ಊರನ್ನೇ ಎಬ್ಬಿಸಿ ಬೇರೆಡೆ ನೆಲೆಗೊಳಿಸಿದುದೂ ಉಂಟು. ಈ ನೆಲ ಒಳ್ಳೆಯದು, ಆ ನೆಲ ಕೆಟ್ಟದ್ದು ಎಂಬ ನಮ್ಮ ಒಂದು ವಾಕ್ಯಕ್ಕೆ ಅಷ್ಟು ಶಕ್ತಿಯಿದೆ. ಹೊಲ, ಬ್ಯಾಂಕಿನ ಸಾಲ, ಊರ ದೇವರು, ಕುಡಿಯುವ ನೀರು, ಎಲ್ಲವೂ ಆ ವಾಕ್ಯಕ್ಕೆ ತಗಲಿಕೊಂಡಿರುತ್ತವೆ.

೨೦೨೧ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲ ಹಳ್ಳಿಗಳಲ್ಲಿ ನೆಲದಡಿಯಿಂದ ಸದ್ದು ಕೇಳಿಸಿ, ಪ್ರಮಾಣ ನಾಲ್ಕರ ಆಸುಪಾಸಿನವರೆಗಿನ ಸಣ್ಣ ಭೂಕಂಪಗಳು ಸಂಭವಿಸಿದವು. ಜನರು ಮನೆ ಬಿಟ್ಟು ಹೊರಗೆ ಮಲಗಿದರು. ಅಲ್ಲಿ ಕೇಳಿಸಿದ ಸದ್ದು ನಾವು ಇಲ್ಲಿ ವಿಮರ್ಶಿಸುತ್ತಿರುವ ಹಿನ್ನೆಲೆ ಕಂಪನವಲ್ಲ. ಅದು ಶಿಲೆ ಜಾರಿದಾಗ ಹೊರಟ ಅಲೆ ಗಾಳಿಗೆ ದಾಟಿ ಕಿವಿಗೆ ಮುಟ್ಟಿದುದು. ಎರಡನ್ನೂ ಸದ್ದೆಂಬ ಒಂದೇ ಹೆಸರಿನಿಂದ ಕರೆದು ಗೊಂದಲವೆಬ್ಬಿಸಬಾರದು. ಹಿನ್ನೆಲೆ ಕಂಪನವನ್ನು ಅಳೆದು ಮುಂದಿನ ಭೂಕಂಪವನ್ನು ಸಾರುವೆವೆಂಬ ಮಾತಿಗೆ ಆಧಾರವಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹಿನ್ನೆಲೆ ಕಂಪನ ಮೂರು ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸುತ್ತದೆ: ಮೆದು ಮೇಲ್ಪದರದ ಸ್ವಂತ ಆವರ್ತಾಂಕ ಯಾವುದು, ಬೆಸೆದು ಕಟ್ಟಿದ ಕಟ್ಟಡದ ಸ್ವಂತ ಆವರ್ತಾಂಕ ಯಾವುದು, ಅದು ಕಾಲಕ್ರಮದಲ್ಲಿ ಬದಲಾಗಿದೆಯೇ. ಪದರದ ಆಳ ಎಷ್ಟೆಂಬುದಕ್ಕೆ ಕೊಳವೆ ಬಾವಿಯ ವಿವರದ ನೆರವಿದ್ದರೆ ಮಾತ್ರ ಉತ್ತರಿಸುತ್ತದೆ. ಲಾವಾ ಹರಿವುಗಳ ನಡುವೆ ಏನಿದೆ, ಕಟ್ಟಡ ಎಷ್ಟು ಪೆಟ್ಟು ತಡೆದೀತು, ಭೂಕಂಪ ಯಾವಾಗ ಬಂದೀತು ಎಂಬುದಕ್ಕೆ ಒಂಟಿ ಮಾಪಕದ ಗೆರೆ ಉತ್ತರಿಸುವುದಿಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕಲಬುರಗಿಯ ಕಾಲೇಜುಗಳೂ ಇದೇ ನೆಲದ ಮೇಲೆ ನಿಂತಿವೆ. ಅಲ್ಲಿಯ ವಿದ್ಯಾರ್ಥಿಗಳು ಮಾಪಕವನ್ನು ಹಿಡಿದು ಚೌಡಾಪುರದಂತಹ ಊರಿಗೆ ಹೊರಟಾಗ ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಅಳೆಯಲಿ. ಬಾವಿ ಕೊರೆದವರನ್ನು ಕೇಳಲಿ. ಅಡ್ಡಗಲ್ಲಿದೆಯೇ ಎಂದು ಗೋಡೆಯನ್ನು ನೋಡಲಿ. ಚಪ್ಪಟೆ ಗೆರೆ ಬಂದಲ್ಲಿ "ಅಪಾಯವಿಲ್ಲ" ಎಂದು ಬರೆಯದೆ "ಶಿಖರ ಕಾಣಲಿಲ್ಲ" ಎಂದಷ್ಟೇ ಬರೆಯಲಿ. ಈ ಎರಡು ವಾಕ್ಯಗಳ ನಡುವಣ ಅಂತರದಲ್ಲಿ ಒಂದು ಊರಿನ ಜನರ ಪ್ರಾಣವಿರಬಹುದು.